ಕೋಣೆಯಲ್ಲಿ ಕುಳಿತು ಗೋಪುರ ಕಂಡವರು

ಮೆನ್ಲೊ ಪಾರ್ಕ್ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಒಂದು ಊರು. 1973ರಲ್ಲಿ ಅಲ್ಲಿನ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನ ಮುಚ್ಚಿದ ಕೋಣೆಯೊಂದರಲ್ಲಿ ಇಬ್ಬರು ಕುಳಿತಿದ್ದರು. ಒಬ್ಬರು ರಸೆಲ್ ಟಾರ್ಗ್, ಲೇಸರ್ ಕಿರಣಗಳ ಮೇಲೆ ಕೆಲಸ ಮಾಡಿದ್ದ ಭೌತವಿಜ್ಞಾನಿ. ಇನ್ನೊಬ್ಬರು ಪ್ಯಾಟ್ ಪ್ರೈಸ್, ಬರ್ಬ್ಯಾಂಕ್ ಪಟ್ಟಣದ ಮಾಜಿ ಪೊಲೀಸ್ ಕಮಿಷನರ್. ಮೇಜಿನ ಮೇಲೆ ಟೇಪ್ ರೆಕಾರ್ಡರ್ ತಿರುಗುತ್ತಿತ್ತು. ಅರ್ಧ ಗಂಟೆಗೆ ಮೊದಲು ಟಾರ್ಗ್ ಅವರ ಜೊತೆಗಾರ ಹೆರಾಲ್ಡ್ ಪುಟ್‌ಆಫ್ ಒಂದಿಬ್ಬರನ್ನು ಕರೆದುಕೊಂಡು ಕಾರಿನಲ್ಲಿ ಹೊರಟುಹೋಗಿದ್ದರು. ಎಲ್ಲಿಗೆ ಎಂಬುದು ಕೋಣೆಯಲ್ಲಿದ್ದ ಇಬ್ಬರಿಗೂ ಗೊತ್ತಿರಲಿಲ್ಲ. ಪ್ರೈಸ್ ಒರಗಿ ಕುಳಿತು, ಪುಟ್‌ಆಫ್ ಈಗ ನಿಂತಿರುವ ಜಾಗ ತಮ್ಮ ಮನಸ್ಸಿಗೆ ಹೇಗೆ ಕಾಣುತ್ತಿದೆ ಎಂದು ಹೇಳತೊಡಗಿದರು. ಹೇಳುತ್ತಾ ಹೇಳುತ್ತಾ ಆ ಜಾಗದ ಹೆಸರನ್ನೇ ಹೇಳಿಬಿಟ್ಟರು: ಹೂವರ್ ಗೋಪುರ. ಪುಟ್‌ಆಫ್ ನಿಂತಿದ್ದದ್ದು ಅಲ್ಲಿಯೇ!

ಇದು ಜಾತ್ರೆಯಲ್ಲಿ ನಡೆದ ಆಟವಲ್ಲ. ಇದರ ಹಿಂದೆ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯ ಹಣವಿತ್ತು. ಇಲ್ಲಿ ಶುರುವಾದ ಕೆಲಸ ಬೇರೆ ಬೇರೆ ಹೆಸರುಗಳಲ್ಲಿ, ಬೇರೆ ಬೇರೆ ಇಲಾಖೆಗಳ ಆಶ್ರಯದಲ್ಲಿ 1995ರವರೆಗೆ ನಡೆಯಿತು. ಖರ್ಚಾದದ್ದು ಸುಮಾರು 2 ಕೋಟಿ ಡಾಲರ್. ಮಹಾಭಾರತದ ಸಂಜಯನ ಕಥೆ ಕೇಳಿ ಬೆಳೆದವರಿಗೆ, ಕಳೆದುಹೋದ ಒಡವೆಗಾಗಿ ಅಂಜನ ಹಾಕಿಸಿ ನೋಡುವುದನ್ನು ಕಂಡವರಿಗೆ ಈ ವಿಚಾರ ಹೊಸದಲ್ಲ. ಹೊಸದೆಂದರೆ, ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ಸರ್ಕಾರವೊಂದು ಅಂಜನಕ್ಕೆ ಬಜೆಟ್ಟಿನಲ್ಲಿ ಜಾಗ ಕೊಟ್ಟು, ಅದರ ಫಲಿತಾಂಶಗಳಿಗೆ ‘ಪರಮ ರಹಸ್ಯ’ ಎಂಬ ಮೊಹರು ಒತ್ತಿದ್ದು.

ಸಂಶೋಧಕರು ಇದಕ್ಕೆ ಇಟ್ಟ ಹೆಸರು ‘ರಿಮೋಟ್ ವ್ಯೂಯಿಂಗ್’. ಕನ್ನಡದಲ್ಲಿ ದೂರದರ್ಶನ ಎಂದರೆ ಟೀವಿ ಎದ್ದು ನಿಲ್ಲುತ್ತದೆ. ದೂರದೃಷ್ಟಿ ಎಂದರೆ ಮುಂದಾಲೋಚನೆ ಎಂದಾಗುತ್ತದೆ, ಈ ಕಥೆಯಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಸದ್ಯಕ್ಕೆ ‘ದೂರನೋಟ’ ಎಂದಿಟ್ಟುಕೊಂಡರೆ ಸಾಕು.

ಸರ್ಕಾರಕ್ಕೆ ಇಂಥ ಹುಚ್ಚು ಹಿಡಿದದ್ದಾದರೂ ಏಕೆ? ಶೀತಲ ಸಮರದ ದಿನಗಳನ್ನು ನೆನಪಿಸಿಕೊಳ್ಳಬೇಕು. 1959-60ರ ಸುಮಾರಿಗೆ ಫ್ರಾನ್ಸಿನ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. ಅಮೆರಿಕದ ನೌಕಾಪಡೆ ತನ್ನ ‘ನಾಟಿಲಸ್’ ಎಂಬ ಅಣುಶಕ್ತಿ ಜಲಾಂತರ್ಗಾಮಿಯಲ್ಲಿರುವ ಮನುಷ್ಯನೊಬ್ಬನಿಗೆ ದಡದಿಂದ ಮನಸ್ಸಿನ ಮೂಲಕವೇ ಸಂದೇಶ ಕಳಿಸಿ ಯಶಸ್ವಿಯಾಗಿದೆ ಎಂಬುದು ಆ ಸುದ್ದಿ. ಅಮೆರಿಕ ಅಲ್ಲಗಳೆಯಿತು, ಸುದ್ದಿ ಕಟ್ಟುಕಥೆಯೇ ಆಗಿತ್ತು. ಆದರೆ ಗೂಢಚರ್ಯೆಯ ಲೋಕದಲ್ಲಿ ಅಲ್ಲಗಳೆದದ್ದೇ ಸಾಕ್ಷಿ! ಸೋವಿಯತ್ ಒಕ್ಕೂಟದಲ್ಲಿ ಲೆನಿನ್‌ಗ್ರಾಡಿನ ಶರೀರಶಾಸ್ತ್ರಜ್ಞ ಲಿಯೊನಿದ್ ವಾಸಿಲಿಯೆವ್ ಈ ಸುದ್ದಿಯನ್ನೇ ಮುಂದಿಟ್ಟು, ತಮ್ಮ ದೇಶ ಹಿಂದೆ ಬೀಳಬಾರದೆಂದು ವಾದಿಸಿದರು. ಅವರ ಸಂಶೋಧನೆಗೆ ಬಲ ಬಂತು. ಹತ್ತು ವರ್ಷಗಳ ಬಳಿಕ, 1970ರಲ್ಲಿ, ಸೋವಿಯತ್ ನಾಡಿನ ಅತೀಂದ್ರಿಯ ಸಂಶೋಧನೆಗಳ ಕುರಿತ ಪುಸ್ತಕವೊಂದು ಅಮೆರಿಕದಲ್ಲಿ ಜನಪ್ರಿಯವಾಯಿತು. 1972ರಲ್ಲಿ ಅಮೆರಿಕದ ರಕ್ಷಣಾ ಗುಪ್ತಚರ ಸಂಸ್ಥೆ ಅದೇ ವಿಷಯದ ಮೇಲೆ ಆತಂಕದ ವರದಿ ಬರೆಯಿತು. ಒಬ್ಬರ ಸುಳ್ಳು ಸುದ್ದಿ ಇನ್ನೊಬ್ಬರ ಪ್ರಯೋಗಶಾಲೆಯಾಗಿ, ಆ ಪ್ರಯೋಗಶಾಲೆಯ ಸುದ್ದಿ ಮತ್ತೆ ಮೊದಲಿನವರ ಭಯವಾಗಿ ತಿರುಗಿಬಂದದ್ದು ಹೀಗೆ.

ಆ ಹೊತ್ತಿಗೆ ಪುಟ್‌ಆಫ್ ಅವರ ಬಳಿಗೆ ನ್ಯೂಯಾರ್ಕಿನ ಚಿತ್ರಕಲಾವಿದ ಇಂಗೊ ಸ್ವಾನ್ ಬಂದಿದ್ದರು. ಕಣ್ಣಿಗೆ ಕಾಣದ ವಸ್ತುಗಳನ್ನು ಮನಸ್ಸಿನಿಂದ ನೋಡಬಲ್ಲೆ ಎಂಬುದು ಅವರ ಹೇಳಿಕೆ. 1972ರ ಅಕ್ಟೋಬರಿನಲ್ಲಿ ಸಿಐಎ ಎಂಟು ತಿಂಗಳ ಕೆಲಸಕ್ಕೆಂದು 49,909 ಡಾಲರ್ ಮಂಜೂರು ಮಾಡಿತು. ಗೂಢಚಾರ ಸಂಸ್ಥೆಯ ಲೆಕ್ಕದಲ್ಲಿ ಇದು ಚಿಲ್ಲರೆ ಕಾಸು.

ಲಕೋಟೆಯೊಳಗಿನ ವಸ್ತುಗಳನ್ನು ಹೇಳಿ ಹೇಳಿ ಸ್ವಾನ್ ಅವರಿಗೆ ಬೇಸರ ಬಂತು. ಅಕ್ಷಾಂಶ ರೇಖಾಂಶ ಕೊಡಿ, ಆ ಜಾಗದಲ್ಲಿ ಏನಿದೆ ಎಂದು ಹೇಳುತ್ತೇನೆ ಎಂದರು. ಭೂಗೋಳ ಚೆನ್ನಾಗಿ ಬಲ್ಲವನು ಅಕ್ಷಾಂಶ ರೇಖಾಂಶ ಕೇಳಿದ ತಕ್ಷಣ ಅದು ಸಮುದ್ರವೊ ಮರುಭೂಮಿಯೊ ಎಂದು ಊಹಿಸಬಲ್ಲ ಎಂಬ ಆಕ್ಷೇಪ ಅಂದೇ ಇತ್ತು. ಆದರೂ ಪ್ರಯೋಗ ನಡೆಯಿತು. 1973ರಲ್ಲಿ ಸಿಐಎ ಅಧಿಕಾರಿಯೊಬ್ಬರು ಪಶ್ಚಿಮ ವರ್ಜೀನಿಯಾದ ಗುಡ್ಡಗಾಡಿನಲ್ಲಿದ್ದ ಒಂದು ರಜಾಮನೆಯ ಅಕ್ಷಾಂಶ ರೇಖಾಂಶ ಕೊಟ್ಟರು. ಸ್ವಾನ್ ಹೇಳಿದ್ದಾಗಲಿ, ಅದೇ ಅಂಕಿಗಳನ್ನು ಪಡೆದ ಪ್ರೈಸ್ ಹೇಳಿದ್ದಾಗಲಿ ರಜಾಮನೆಗೆ ಹೊಂದಲಿಲ್ಲ. ಇಬ್ಬರೂ ವರ್ಣಿಸಿದ್ದು ಯಾವುದೋ ಸೇನಾ ನೆಲೆಯನ್ನು. ಪ್ರಯೋಗ ವಿಫಲ ಎಂದು ಕಡತ ಮುಚ್ಚಬಹುದಿತ್ತು. ಆದರೆ ಆ ಮನೆಯಿಂದ ಕೆಲವು ಮೈಲಿ ಆಚೆ ಷುಗರ್ ಗ್ರೋವ್ ಎಂಬಲ್ಲಿ ನಿಜಕ್ಕೂ ಒಂದು ರಹಸ್ಯ ಸರ್ಕಾರಿ ನೆಲೆ ಇತ್ತು! ಪ್ರೈಸ್ ಅಲ್ಲಿನ ಕಡತಗಳ ಗುಪ್ತನಾಮಗಳನ್ನೂ ಹೇಳಿದ್ದರು. ಅವರು ಹೇಳಿದ ವಿವರಗಳಲ್ಲಿ ಸರಿಯೂ ಇತ್ತು, ತಪ್ಪೂ ಇತ್ತು. ಭದ್ರತಾ ಅಧಿಕಾರಿಗಳು ಗಾಬರಿಯಾಗಿ ತನಿಖೆಗೆ ಇಳಿದರು.

ಈ ಘಟನೆಯನ್ನು ದೂರನೋಟದ ಮೊದಲ ದೊಡ್ಡ ಗೆಲುವೆಂದು ಇಂದಿಗೂ ಹೇಳುವವರಿದ್ದಾರೆ. ಒಂದು ಮಾತನ್ನು ಮಾತ್ರ ಅವರು ಬೇಗ ದಾಟಿಬಿಡುತ್ತಾರೆ. ಕೇಳಿದ್ದು ರಜಾಮನೆಯ ಬಗ್ಗೆ. ಸುತ್ತ ಹತ್ತಾರು ಮೈಲಿಯಲ್ಲಿ ಹೊಂದುವ ಇನ್ನೊಂದು ವಸ್ತುವನ್ನು ಹುಡುಕಿ ಅದನ್ನೇ ಗುರಿ ಎಂದು ಕರೆಯಲು ಅವಕಾಶವಿದ್ದರೆ ಯಾವ ಬಾಣ ತಾನೆ ಗುರಿ ತಪ್ಪೀತು? ಸ್ವಾನ್ ಅದೇ 1973ರ ಏಪ್ರಿಲಿನಲ್ಲಿ ಗುರುಗ್ರಹವನ್ನೂ ‘ನೋಡಿ’ ಬಂದರು. ಅದರ ಸುತ್ತ ಉಂಗುರವಿದೆ ಎಂದರು. 1979ರಲ್ಲಿ ವಾಯೇಜರ್ ನೌಕೆ ತೆಳುವಾದ ಉಂಗುರ ಕಂಡಿತು. ಅಭಿಮಾನಿಗಳು ಕುಣಿದಾಡಿದರು. ಆದರೆ ಸ್ವಾನ್ ಅಲ್ಲಿ ಸುಮಾರು 30 ಸಾವಿರ ಅಡಿ ಎತ್ತರದ ಪರ್ವತಶ್ರೇಣಿಯನ್ನೂ ಕಂಡಿದ್ದರು. ಗುರು ಅನಿಲಗಳ ಗ್ರಹ. ಅಲ್ಲಿ ಪರ್ವತ ನಿಲ್ಲಲು ನೆಲವೇ ಇಲ್ಲ.

ಇನ್ನು ಹೂವರ್ ಗೋಪುರಕ್ಕೆ ಮರಳಬೇಕು. ಈ ಕಥೆಯಲ್ಲಿ ವಿಜ್ಞಾನಕ್ಕೆ ತೀರಾ ಹತ್ತಿರ ಬಂದ ಭಾಗ ಅದೇ. ಎಡವಿದ್ದು ಹೇಗೆ ಎಂಬುದು ಬಿಡಿಬಿಡಿಯಾಗಿ ಗೊತ್ತಾದ ಭಾಗವೂ ಅದೇ.

ಪ್ರಯೋಗದ ಕ್ರಮ ಹೀಗಿತ್ತು. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಆಸುಪಾಸಿನಲ್ಲಿ, ಸಂಸ್ಥೆಯಿಂದ ಅರ್ಧ ಗಂಟೆಯ ಕಾರು ಪ್ರಯಾಣದೊಳಗೆ ಸಿಗುವ ನೂರಕ್ಕೂ ಹೆಚ್ಚು ಜಾಗಗಳನ್ನು ಆರಿಸಿ ಪಟ್ಟಿ ಮಾಡಿದ್ದರು. ಪ್ರಯೋಗ ನಡೆಸುವವರಿಗೆ ಸೇರದ ಅಧಿಕಾರಿಯೊಬ್ಬರು ಅವುಗಳಲ್ಲಿ ಒಂದನ್ನು ಆಯ್ದು ಕೊಡುತ್ತಿದ್ದರು. ಹೋದವರು ಅಲ್ಲಿ ಹದಿನೈದು ನಿಮಿಷ ನಿಂತು ಸುತ್ತ ನೋಡಬೇಕು. ಅದೇ ಹದಿನೈದು ನಿಮಿಷ ಕೋಣೆಯಲ್ಲಿದ್ದ ಪ್ರೈಸ್ ತಮಗೆ ತೋಚಿದ್ದನ್ನು ಹೇಳಬೇಕು, ಬೇಕಾದರೆ ಚಿತ್ರ ಬರೆಯಬೇಕು. ಹೋದವರು ವಾಪಸಾದ ಮೇಲೆ ಎಲ್ಲರೂ ಸೇರಿ ಪ್ರೈಸ್ ಅವರನ್ನು ಆ ಜಾಗಕ್ಕೆ ಕರೆದೊಯ್ದು ತೋರಿಸುತ್ತಿದ್ದರು. ಈ ಕೊನೆಯ ವಿವರ ಪುಟ್ಟದು. ಆದರೆ ಮುಂದೆ ಬೇಕಾಗುತ್ತದೆ.

ಹೀಗೆ ಒಂಬತ್ತು ಸಲ ನಡೆಯಿತು. ಹೂವರ್ ಗೋಪುರ, ಕೊಲ್ಲಿಯ ಅಂಚಿನ ನಿಸರ್ಗಧಾಮ, ರೇಡಿಯೊ ದೂರದರ್ಶಕ, ದೋಣಿಕಟ್ಟೆ, ಸೇತುವೆಯ ಸುಂಕದಕಟ್ಟೆ, ಕಾರಿನಲ್ಲೇ ಕುಳಿತು ಸಿನಿಮಾ ನೋಡುವ ಬಯಲು ಚಿತ್ರಮಂದಿರ, ಕರಕುಶಲ ವಸ್ತುಗಳ ಅಂಗಳ, ಚರ್ಚು, ಈಜುಕೊಳ.

ಗೋಪುರದ ಹೆಸರನ್ನೇ ಹೇಳಿದರಲ್ಲ ಎಂದು ಬೆರಗಾಗುವ ಮುನ್ನ ಒಂದು ಮಾತು. ಹೂವರ್ ಗೋಪುರ 285 ಅಡಿ ಎತ್ತರದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೆಗ್ಗುರುತು. ಬೆಂಗಳೂರಿನಲ್ಲಿ ಕುಳಿತವರನ್ನು, ಇಲ್ಲಿಂದ ಅರ್ಧ ಗಂಟೆ ದೂರದಲ್ಲಿ ಸ್ನೇಹಿತನೊಬ್ಬ ಯಾವುದೋ ಕಟ್ಟಡದ ಮುಂದೆ ನಿಂತಿದ್ದಾನೆ, ಯಾವುದು ಹೇಳಿ ಎಂದು ಕೇಳಿದರೆ ವಿಧಾನಸೌಧ ನಾಲಿಗೆಗೆ ಬಾರದೆ ಇದ್ದೀತೆ? ಒಂದು ಸಲ ಸರಿಯಾದದ್ದು ಏನನ್ನೂ ಹೇಳುವುದಿಲ್ಲ. ಇದನ್ನು ಟಾರ್ಗ್ ಮತ್ತು ಪುಟ್‌ಆಫ್ ಕೂಡ ಬಲ್ಲವರೇ.

ಆದ್ದರಿಂದಲೇ ಅವರು ತೀರ್ಪುಗಾರರನ್ನು ಇಟ್ಟರು. ಒಂಬತ್ತು ಮಾತುಗಳ ಬರಹಗಳನ್ನು ಕಲಸಿ ತೀರ್ಪುಗಾರರ ಕೈಗೆ ಕೊಡುವುದು. ಅವರು ಒಂಬತ್ತು ಜಾಗಗಳಿಗೂ ಹೋಗಿ ನಿಂತು, ಯಾವ ಬರಹ ಯಾವ ಜಾಗಕ್ಕೆ ಹೊಂದುತ್ತದೆ ಎಂದು ಜೋಡಿಸುವುದು. ಕಣ್ಣುಮುಚ್ಚಿ ಜೋಡಿಸಿದರೆ ಸರಾಸರಿ ಒಂದು ಸರಿಹೋದೀತು. ತೀರ್ಪುಗಾರರೊಬ್ಬರು ಏಳನ್ನು ಸರಿಯಾಗಿ ಜೋಡಿಸಿದರು! ಇದು ಆಕಸ್ಮಿಕವಾಗಿ ಆಗುವ ಸಂಭವ ಲಕ್ಷಕ್ಕೆ ಮೂರರಷ್ಟು ಎಂದು ಲೆಕ್ಕ ಬಂತು. ಸಂಸ್ಥೆಯ ಬೇರೆ ಐವರು ವಿಜ್ಞಾನಿಗಳಿಗೆ ಪ್ರತ್ಯೇಕವಾಗಿ ಕೊಟ್ಟಾಗ ಒಟ್ಟು 45 ಜೋಡಣೆಗಳಲ್ಲಿ 24 ಸರಿಯಾದವು. ಆಕಸ್ಮಿಕವಾದರೆ ಐದು ಆಗಬೇಕಿತ್ತು.

1974ರ ಅಕ್ಟೋಬರ್ 18ರಂದು ಇಂಗ್ಲೆಂಡಿನ ಪ್ರತಿಷ್ಠಿತ ‘ನೇಚರ್’ ಪತ್ರಿಕೆಯಲ್ಲಿ ಈ ಲೇಖನ ಪ್ರಕಟವಾಯಿತು. ಚಮಚ ಬಗ್ಗಿಸುವ ಆಟದಿಂದ ಖ್ಯಾತರಾದ ಯೂರಿ ಗೆಲರ್ ಮೇಲಿನ ಪ್ರಯೋಗಗಳೂ ಅದೇ ಲೇಖನದಲ್ಲಿದ್ದವು. ಸಂಪಾದಕರು ಜೊತೆಗೊಂದು ಟಿಪ್ಪಣಿ ಸೇರಿಸಿದ್ದರು: ಪ್ರಯೋಗದ ವಿನ್ಯಾಸದಲ್ಲಿ ದೌರ್ಬಲ್ಯಗಳಿವೆ ಎಂದು ಪರಿಶೀಲಕರು ಹೇಳಿದ್ದಾರೆ, ಆದರೂ ಇಂಥ ಕೆಲಸ ಹೇಗೆ ನಡೆಯುತ್ತದೆ ಎಂದು ವಿಜ್ಞಾನಿಗಳು ನೋಡಲಿ ಎಂದು ಪ್ರಕಟಿಸುತ್ತಿದ್ದೇವೆ ಎಂಬುದು ಅದರ ಸಾರ. ಟಿಪ್ಪಣಿಯನ್ನು ಓದಿದವರು ಕಡಿಮೆ. ‘ನೇಚರ್ ಒಪ್ಪಿದೆ’ ಎಂಬ ಮಾತು ಎಲ್ಲೆಡೆ ಹಬ್ಬಿತು.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಮಾರ್ಕ್ಸ್ ಮತ್ತು ರಿಚರ್ಡ್ ಕಮ್ಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರಿದ್ದರು. ಮೊದಲು ಅವರು ಮಾಡಿದ್ದು ಟೀಕೆಯನ್ನಲ್ಲ. ಅದೇ ಪ್ರಯೋಗವನ್ನು ತಾವೂ ಮಾಡಿ ನೋಡಿದರು. 35 ಸಲ ಮಾಡಿದರು. ಪ್ರತಿಸಲವೂ ವಿಚಿತ್ರವೊಂದು ನಡೆಯುತ್ತಿತ್ತು. ನೋಡಿದವರನ್ನು ಆ ಜಾಗಕ್ಕೆ ಕರೆದೊಯ್ದರೆ ಅವರು ಖುಷಿಯಿಂದ, ‘ಇದೇ, ನಾನು ಹೇಳಿದ್ದು ಇದನ್ನೇ’ ಎನ್ನುತ್ತಿದ್ದರು. ತೀರ್ಪುಗಾರರಿಗೂ ಹಾಗೇ ಅನ್ನಿಸುತ್ತಿತ್ತು. ತೊಂದರೆ ಏನೆಂದರೆ, ಅವರಿಗೆ ಹಾಗನ್ನಿಸುತ್ತಿದ್ದದ್ದು ತಪ್ಪು ಜಾಗದಲ್ಲಿ ನಿಂತಾಗ! ಎತ್ತರದ್ದೇನೋ ಇದೆ, ಪಕ್ಕದಲ್ಲಿ ಹಸಿರು ಇದೆ, ಓಡಾಡುವ ಜನ ಇದ್ದಾರೆ, ನೀರಿನ ಹಾಗೆ ಹೊಳೆಯುವುದೇನೋ ಇದೆ ಎಂದರೆ ಅದು ಯಾವ ಊರಿನ ಯಾವ ಮೂಲೆಗೆ ಹೊಂದುವುದಿಲ್ಲ? ಹೊಂದುವುದನ್ನು ಕಣ್ಣು ಹೆಕ್ಕುತ್ತದೆ, ಹೊಂದದ್ದನ್ನು ಮನಸ್ಸು ಬಿಟ್ಟುಬಿಡುತ್ತದೆ. ಒಟ್ಟು ಫಲಿತಾಂಶ ಆಕಸ್ಮಿಕದ ಮಟ್ಟವನ್ನು ದಾಟಲಿಲ್ಲ.

ಹಾಗಾದರೆ ಕ್ಯಾಲಿಫೋರ್ನಿಯಾದಲ್ಲಿ ಒಂಬತ್ತರಲ್ಲಿ ಏಳು ಬಂದದ್ದು ಹೇಗೆ? ಉತ್ತರ ಪ್ರೈಸ್ ಅವರ ಮಾತುಗಳ ಪೂರ್ಣ ಬರಹಗಳಲ್ಲಿರಬೇಕೆಂದು ಮಾರ್ಕ್ಸ್ ಅವುಗಳ ಬೆನ್ನುಹತ್ತಿದರು. ಕೆಲವು ಸಿಕ್ಕವು. ಓದಿದಾಗ ಗುಟ್ಟು ತೀರಾ ಸಾಮಾನ್ಯವಾದದ್ದೆಂದು ತಿಳಿಯಿತು. ಬರಹಗಳನ್ನು ತಿದ್ದದೆ ಇದ್ದಹಾಗೇ ತೀರ್ಪುಗಾರರಿಗೆ ಕೊಟ್ಟಿದ್ದರು. ಒಂದರಲ್ಲಿ ತಾರೀಖು ಇತ್ತು. ಇನ್ನೊಂದರಲ್ಲಿ ಟಾರ್ಗ್, ಈಗಾಗಲೇ ಮೂರು ಗೆಲುವುಗಳಾಗಿವೆ ಎಂದು ಪ್ರೈಸ್ ಅವರನ್ನು ಹುರಿದುಂಬಿಸಿದ್ದರು. ಅಲ್ಲಿಗೆ ಅದು ನಾಲ್ಕನೆಯ ಪ್ರಯೋಗ ಎಂದು ಖಾತ್ರಿಯಾಯಿತು. ಮತ್ತೊಂದರಲ್ಲಿ ನಿನ್ನೆಯ ಎರಡು ಜಾಗಗಳ ಮಾತಿತ್ತು. ಮಗದೊಂದರಲ್ಲಿ ಹಿಂದೆ ಹೋಗಿಬಂದ ನಿಸರ್ಗಧಾಮದ ನೆನಪಿತ್ತು. ಅಂದರೆ ಈ ಬರಹ ನಿಸರ್ಗಧಾಮದ್ದಲ್ಲ, ಅದರ ನಂತರದ್ದು. ಪ್ರತಿ ಪ್ರಯೋಗದ ಬಳಿಕ ಪ್ರೈಸ್ ಅವರನ್ನು ಜಾಗಕ್ಕೆ ಕರೆದೊಯ್ಯುತ್ತಿದ್ದ ಆ ಪುಟ್ಟ ವಿವರ ಇಲ್ಲಿ ಕೆಲಸಕ್ಕೆ ಬರುತ್ತದೆ. ಜೊತೆಗೆ, ತೀರ್ಪುಗಾರರಿಗೆ ಕೊಟ್ಟ ಜಾಗಗಳ ಪಟ್ಟಿ ಪ್ರಯೋಗ ನಡೆದ ಕ್ರಮದಲ್ಲೇ ಇತ್ತು.

ಒಬ್ಬರ ಡೈರಿಯ ಒಂಬತ್ತು ಹಾಳೆ ಕಿತ್ತು ಕಲಸಿ ಕೊಟ್ಟರೆ, ‘ನಿನ್ನೆ ಮದುವೆಗೆ ಹೋಗಿದ್ದೆ’ ಎಂಬ ಸಾಲಿರುವ ಹಾಳೆಯನ್ನು ಮದುವೆಯ ಮರುದಿನಕ್ಕೆ ಇಡಲು ದಿವ್ಯದೃಷ್ಟಿ ಬೇಡ. ಮಾರ್ಕ್ಸ್ ತಾವೇ ಪರೀಕ್ಷೆಗೆ ಕುಳಿತರು. ಆ ಜಾಗಗಳಲ್ಲಿ ಒಂದಕ್ಕೂ ಹೋಗದೆ, ಬರೀ ಇಂಥ ಸುಳಿವುಗಳನ್ನು ಹಿಡಿದೇ ತಮಗೆ ಸಿಕ್ಕ ಬರಹಗಳನ್ನು ಜೋಡಿಸಿದರು. ಎಲ್ಲವೂ ಸರಿಯಾದವು. 1978ರಲ್ಲಿ ಅದೇ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು. ಸುಳಿವುಗಳನ್ನು ತೆಗೆದು ಹೊಸ ತೀರ್ಪುಗಾರರಿಗೆ ಕೊಟ್ಟೆವು, ಆಗಲೂ ಜೋಡಣೆ ಸರಿಬಂತು ಎಂದು ಇನ್ನೊಂದು ಪಕ್ಷ 1980ರಲ್ಲಿ ಬರೆಯಿತು. ಎಲ್ಲ ಸುಳಿವುಗಳೂ ಹೋಗಿರಲಿಲ್ಲ ಎಂದು ಮಾರ್ಕ್ಸ್ ಮರುವರ್ಷ ತೋರಿಸಿದರು. ಜಗಳ 1986ರವರೆಗೆ ನಡೆಯಿತು.

ಇಲ್ಲಿ ಯಾರೂ ಮೋಸ ಮಾಡಿದರೆಂದು ಹೇಳಬೇಕಿಲ್ಲ. ಟಾರ್ಗ್ ಮತ್ತು ಪುಟ್‌ಆಫ್ ಬುದ್ಧಿವಂತರು. ಬೆಳಕಿನ ಕಿರಣವನ್ನು ಅಳೆದವರು. ಬೆಳಕು ಅಳೆಯುವವನನ್ನು ಮೆಚ್ಚಿಸಲು ಹೋಗುವುದಿಲ್ಲ, ನಿನ್ನೆಯದನ್ನು ನೆನಪಿಟ್ಟುಕೊಳ್ಳುವುದಿಲ್ಲ. ಮನುಷ್ಯ ಎರಡನ್ನೂ ಮಾಡುತ್ತಾನೆ. ಅದಕ್ಕೆ ಬೇಕಾದ ಎಚ್ಚರಿಕೆಗಳೇ ಬೇರೆ. ಅದರ ಜೊತೆಗೆ ನಂಬಿಕೆಯ ಒತ್ತಡವೂ ಇತ್ತು. ಒಂಬತ್ತು ಜಾಗಗಳಲ್ಲಿ ಒಂದಾದ ರಿಂಕೊನಾಡಾ ಈಜುಕೊಳವನ್ನೇ ನೋಡಿ. ಪ್ರೈಸ್ ಅಲ್ಲಿ ಒಂದು ದುಂಡನೆಯ, ಒಂದು ಆಯತಾಕಾರದ ನೀರಿನ ಕೊಳ ಕಂಡರು. ಅಳತೆಯೂ ಬಹುಮಟ್ಟಿಗೆ ಹೊಂದಿತು. ಆದರೆ ಅದನ್ನು ಅವರು ಕರೆದದ್ದು ನೀರು ಶುದ್ಧೀಕರಣ ಘಟಕ ಎಂದು. ಅಲ್ಲಿಲ್ಲದ ನೀರಿನ ಟ್ಯಾಂಕುಗಳನ್ನೂ ಬರೆದರು. ಎಷ್ಟೋ ವರ್ಷಗಳ ಮೇಲೆ ಟಾರ್ಗ್, ಶತಮಾನದ ಆರಂಭದಲ್ಲಿ ಅಲ್ಲಿ ಊರಿನ ನೀರು ಸರಬರಾಜು ಘಟಕವೇ ಇತ್ತು, ಪ್ರೈಸ್ ಕಂಡದ್ದು ಹಳೆಯ ಕಾಲವನ್ನು ಎಂದರು. ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು!

ಮಾರ್ಕ್ಸ್ ಅವರ ಲೇಖನ ಬರುವ ಮೊದಲೇ ಸಿಐಎ ನಿಜವಾದ ಗೂಢಚರ್ಯೆಗೆ ಪ್ರೈಸ್ ಅವರನ್ನು ಬಳಸಿ ನೋಡಿತ್ತು. 1974ರ ಜುಲೈ. ಸೋವಿಯತ್ ಒಕ್ಕೂಟದ ಸೆಮಿಪಲಾಟಿನ್ಸ್ಕ್ ಬಳಿ, ಇಂದಿನ ಕಜಾಕಸ್ತಾನದಲ್ಲಿ, ಉಪಗ್ರಹಗಳಿಗೆ ಒಂದು ವಿಚಿತ್ರ ನೆಲೆ ಕಂಡಿತ್ತು. ಅಲ್ಲಿ ಏನು ನಡೆಯುತ್ತಿದೆ ಎಂದು ಅಮೆರಿಕಕ್ಕೆ ತಿಳಿಯದು. ಪ್ರೈಸ್ ಅವರಿಗೆ ಅಕ್ಷಾಂಶ ರೇಖಾಂಶ ಕೊಟ್ಟರು. ಅವರು ಕಣ್ಣುಮುಚ್ಚಿ, ತಾನು ಎರಡು ಮೂರು ಅಂತಸ್ತಿನ ಇಟ್ಟಿಗೆ ಕಟ್ಟಡದ ಮೇಲೆ ಬಿಸಿಲಿನಲ್ಲಿ ಅಂಗಾತ ಮಲಗಿದ್ದೇನೆ, ತಲೆಯ ಮೇಲೆ ದೈತ್ಯ ಕ್ರೇನೊಂದು ಹಳಿಗಳ ಮೇಲೆ ಅತ್ತಿಂದಿತ್ತ ಓಡಾಡುತ್ತಿದೆ ಎಂದರು. ಕ್ರೇನಿನ ಚಿತ್ರವನ್ನೂ ಬರೆದರು. ಉಪಗ್ರಹದ ಚಿತ್ರಗಳಲ್ಲಿ ಅಂಥದೇ ಭಾರೀ ಕ್ರೇನ್ ಇತ್ತು!

ಆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಅಚ್ಚು ಹಾಕದ ದೂರನೋಟದ ಪುಸ್ತಕವೇ ಇಲ್ಲವೆನ್ನಬೇಕು. ಆದರೆ ಪ್ರೈಸ್ ಹೇಳಿದ್ದು ಕ್ರೇನ್ ಒಂದನ್ನೇ ಅಲ್ಲ. ಪುಟಗಟ್ಟಲೆ ಹೇಳಿದ್ದರು. ಇಡೀ ವರ್ಣನೆಯನ್ನು ತಜ್ಞರಿಂದ ಪರಿಶೀಲಿಸಿದಾಗ ಬಹುಪಾಲು ತಪ್ಪೆಂದು ತೀರ್ಮಾನವಾಯಿತು. ಈ ಯೋಜನೆಯ ಹೊಣೆ ಹೊತ್ತಿದ್ದ ಸಿಐಎ ಅಧಿಕಾರಿ ಕೆನೆತ್ ಕ್ರೆಸ್ 1977ರಲ್ಲಿ ಸಂಸ್ಥೆಯ ಒಳಗಿನ ಪತ್ರಿಕೆಗೆ ಬರೆದ ಲೇಖನದಲ್ಲಿ ಇದೆಲ್ಲ ಇದೆ. ಅವರದು ತೆರೆದ ಮನಸ್ಸಿನ ಲೇಖನ. ನಂಬಲೂ ಆಗದ, ಬಿಡಲೂ ಆಗದ ಮನುಷ್ಯನ ಕಷ್ಟ ಅದರಲ್ಲಿ ಕಾಣುತ್ತದೆ.

ಕಥೆಯ ಸ್ವಾರಸ್ಯ ಇರುವುದು ಇನ್ನೂ ಮುಂದೆ. ಉತ್ತರ ಗೊತ್ತಿದೆ ಎಂದುಕೊಂಡವರಿಗೂ ಉತ್ತರ ಗೊತ್ತಿರಲಿಲ್ಲ. 1977ರಲ್ಲಿ ಅಮೆರಿಕದ ವಾಯುಸೇನೆಯ ಗುಪ್ತಚರ ವಿಭಾಗದ ಮುಖ್ಯಸ್ಥರಾಗಿದ್ದ ಜನರಲ್ ಜಾರ್ಜ್ ಕೀಗನ್, ಅಲ್ಲಿ ಕ್ಷಿಪಣಿಗಳನ್ನು ಸುಡುವ ಕಿರಣಾಸ್ತ್ರ ತಯಾರಾಗುತ್ತಿದೆ ಎಂದು ಗುಲ್ಲೆಬ್ಬಿಸಿದರು. ಆ ಗುಲ್ಲಿನ ವಿವರಗಳು ಪ್ರೈಸ್ ಕಂಡಿದ್ದ ಲೋಹದ ಗೋಳಗಳಿಗೆ ಹೊಂದುತ್ತವೆ ಎಂದು ಟಾರ್ಗ್ ಹಿಗ್ಗಿದರು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಗೊತ್ತಾದದ್ದು ಬೇರೆಯೇ. ಅಲ್ಲಿದ್ದದ್ದು ಅಣುಶಕ್ತಿಯಿಂದ ನಡೆಯುವ ರಾಕೆಟ್ ಎಂಜಿನ್ನಿನ ಪರೀಕ್ಷಾ ಕೇಂದ್ರ. ಕಣ್ಣು ತೆರೆದು ಉಪಗ್ರಹದಲ್ಲಿ ನೋಡಿದವರೂ ತಪ್ಪಿದ್ದರು. ಹೊಂದಿಕೆಯೊಂದು ಸಿಕ್ಕಿದ್ದೇನೋ ನಿಜ. ಆದರೆ ಅದು ಹೊಂದಿದ್ದು ಇನ್ನೊಬ್ಬರ ತಪ್ಪಿಗೆ.

1975ರ ಜುಲೈನಲ್ಲಿ ಪ್ರೈಸ್ ಲಾಸ್ ವೇಗಸ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಸಿಐಎ ಹಿಂದೆ ಸರಿಯಿತು. ಕೆಲಸ ನಿಲ್ಲಲಿಲ್ಲ, ಸರ್ಕಾರಿ ಯೋಜನೆಗಳ ಆಯುಸ್ಸು ಅಷ್ಟು ಸುಲಭವಾಗಿ ಮುಗಿಯುವುದಿಲ್ಲವಷ್ಟೆ. ರಕ್ಷಣಾ ಗುಪ್ತಚರ ಸಂಸ್ಥೆ ಮತ್ತು ಭೂಸೇನೆ ಅದನ್ನು ಕೈಗೆತ್ತಿಕೊಂಡವು. ಮೇರಿಲೆಂಡಿನ ಫೋರ್ಟ್ ಮೀಡ್ ಸೇನಾನೆಲೆಯಲ್ಲಿ ಹಳೆಯ ಮರದ ಕಟ್ಟಡಗಳಲ್ಲಿ ಸೈನಿಕರನ್ನೇ ದೂರನೋಟಗಾರರನ್ನಾಗಿ ತಯಾರು ಮಾಡುವ ಘಟಕ 1970ರ ದಶಕದ ಕೊನೆಗೆ ಶುರುವಾಯಿತು. ಗ್ರಿಲ್ ಫ್ಲೇಮ್, ಸೆಂಟರ್ ಲೇನ್, ಸನ್ ಸ್ಟ್ರೀಕ್ ಎಂದು ಹೆಸರು ಬದಲಾಯಿಸುತ್ತಾ 1991ರಲ್ಲಿ ಅದು ‘ಸ್ಟಾರ್ ಗೇಟ್’ ಆಯಿತು. ಅಲ್ಲಿನ ಮೊದಲ ನೋಟಗಾರ ಜೋಸೆಫ್ ಮೆಕ್‌ಮೋನಿಗಲ್. 1979ರಲ್ಲಿ ಸೋವಿಯತ್ ಹಡಗುಕಟ್ಟೆಯೊಳಗೆ ತಯಾರಾಗುತ್ತಿದ್ದ ಭಾರೀ ಜಲಾಂತರ್ಗಾಮಿಯನ್ನು ಕಂಡೆನೆಂದು ಅವರು ಹೇಳಿಕೊಂಡಿದ್ದಾರೆ.

ಪ್ರಯೋಗವಾಗಿದ್ದಷ್ಟು ದಿನ ಈಜುಕೊಳವನ್ನು ನೀರಿನ ಘಟಕವೆಂದರೆ ಯಾರಿಗೂ ನಷ್ಟವಿರಲಿಲ್ಲ. ಈಗ ಹಾಗಲ್ಲ. 1979ರ ನವೆಂಬರ್ 4ರಂದು ಟೆಹರಾನಿನಲ್ಲಿ ಅಮೆರಿಕದ ರಾಯಭಾರ ಕಚೇರಿ ವಿದ್ಯಾರ್ಥಿಗಳ ವಶವಾಯಿತು. ಒತ್ತೆಯಾಳುಗಳಲ್ಲಿ 52 ಮಂದಿ 444 ದಿನ ಸೆರೆಯಲ್ಲಿದ್ದರು. ಅವರು ಯಾವ ಕೋಣೆಯಲ್ಲಿದ್ದಾರೆ, ಕಾವಲು ಎಷ್ಟಿದೆ, ಯಾರಿಗೆ ಕಾಯಿಲೆಯಾಗಿದೆ ಎಂದು ಫೋರ್ಟ್ ಮೀಡ್‌ನ ನೋಟಗಾರರನ್ನು 200ಕ್ಕೂ ಹೆಚ್ಚು ಸಲ ಕೇಳಲಾಯಿತು. ಬಿಡಿಸಿ ತರಲು 1980ರ ಏಪ್ರಿಲಿನಲ್ಲಿ ಸೇನೆ ಮಾಡಿದ ಪ್ರಯತ್ನ ಮರುಭೂಮಿಯಲ್ಲೇ ಮುರಿದುಬಿದ್ದು ಎಂಟು ಮಂದಿ ಯೋಧರು ಸತ್ತರು. ಒತ್ತೆಯಾಳುಗಳು ಬಿಡುಗಡೆಯಾಗಿ ಮನೆಗೆ ಬಂದ ಮೇಲೆ ಸೇನಾ ಅಧಿಕಾರಿಗಳು ನೋಟಗಾರರ 202 ವರದಿಗಳನ್ನು ನಿಜಸಂಗತಿಗಳೊಡನೆ ಹೋಲಿಸಿದರು. ಸರಿಯೆಂದು ದೃಢಪಟ್ಟದ್ದು ಏಳು. 59 ವರದಿಗಳಲ್ಲಿ ಒಂದಿಷ್ಟು ಸರಿಯಿರಬಹುದು, ಆದರೆ ಅವುಗಳೊಳಗೇ ತಪ್ಪುಗಳೂ ಬೆರೆತಿದ್ದವು. ಅರ್ಧಕ್ಕಿಂತ ಹೆಚ್ಚು ಪೂರ್ತಿ ತಪ್ಪು.

ಏಳು ಸರಿಬಂದವಲ್ಲ ಎಂದು ಸಮಾಧಾನ ಪಡುವವರು ಹೆಲಿಕಾಪ್ಟರಿನಲ್ಲಿ ಕುಳಿತ ಸೈನ್ಯಾಧಿಕಾರಿಯ ಜಾಗದಲ್ಲಿ ತಮ್ಮನ್ನು ಇಟ್ಟುಕೊಳ್ಳಬೇಕು. ಅವನ ಕೈಯಲ್ಲಿ 202 ಕಾಗದಗಳಿವೆ. ಎಲ್ಲವೂ ಒಂದೇ ನಮೂನೆಯಲ್ಲಿ, ಒಂದೇ ಧಾಟಿಯಲ್ಲಿ ಬರೆದವು. ಆ ಏಳು ಯಾವುವು ಎಂಬುದು ಒತ್ತೆಯಾಳುಗಳು ಮನೆಗೆ ಬಂದ ಮೇಲಷ್ಟೇ ತಿಳಿಯುತ್ತದೆ. ಅವನು ಯಾವ ಬಾಗಿಲನ್ನು ಒದೆಯಬೇಕು?

1981ರ ಡಿಸೆಂಬರ್ 17ರಂದು ಇಟಲಿಯ ವೆರೋನಾದಲ್ಲಿ ‘ರೆಡ್ ಬ್ರಿಗೇಡ್ಸ್’ ಉಗ್ರರು ಅಮೆರಿಕದ ಜನರಲ್ ಜೇಮ್ಸ್ ಡೋಜಿಯರ್ ಅವರನ್ನು ಅಪಹರಿಸಿದಾಗಲೂ ಇದೇ ಕಥೆ. ನೋಟಗಾರರಿಂದ ಕಟ್ಟಡಗಳ, ರಸ್ತೆಗಳ ವರ್ಣನೆಗಳು ಬಂದವು. ಜನರಲ್ ಅವರನ್ನು 42 ದಿನಗಳ ಮೇಲೆ ಪದುವಾದ ಒಂದು ವಸತಿಮನೆಯಿಂದ ಬಿಡಿಸಿದ್ದು ಇಟಲಿಯ ಪೊಲೀಸರು. ಅವರನ್ನು ಅಲ್ಲಿಗೆ ಕರೆದೊಯ್ದದ್ದು ಮಾಮೂಲಿ ಪೊಲೀಸ್ ತನಿಖೆ.

ನಂಬುವವರ ಪಕ್ಷದಲ್ಲೂ ಭಾರವಾದ ಸಾಕ್ಷಿ ಇಲ್ಲದಿಲ್ಲ. ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರೇ 1995ರಲ್ಲಿ ವಿದ್ಯಾರ್ಥಿಗಳೆದುರು ಒಂದು ಪ್ರಸಂಗ ಹೇಳಿದರು. ಜೈರೆಯ ಕಾಡಿನಲ್ಲಿ ಬಿದ್ದ ವಿಮಾನವೊಂದು ಉಪಗ್ರಹಗಳಿಗೆ ಸಿಗಲಿಲ್ಲ. ಮಹಿಳೆಯೊಬ್ಬರು ಸಮಾಧಿಸ್ಥಿತಿಯಲ್ಲಿ ಅಕ್ಷಾಂಶ ರೇಖಾಂಶ ಕೊಟ್ಟರು. ಅಲ್ಲಿ ಕ್ಯಾಮೆರಾ ತಿರುಗಿಸಿದಾಗ ವಿಮಾನ ಕಂಡಿತು ಎಂದು. ಒಬ್ಬ ಅಧ್ಯಕ್ಷರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಅದೇ ವಿಮಾನಕ್ಕಾಗಿ ಎಷ್ಟು ಜನ ಎಷ್ಟು ಜಾಗ ಹೇಳಿದ್ದರು ಎಂಬ ಲೆಕ್ಕ ಅದರ ಜೊತೆಗೆ ಬರಲಿಲ್ಲ. ಷುಗರ್ ಗ್ರೋವಿನಲ್ಲೂ ಸೆಮಿಪಲಾಟಿನ್ಸ್ಕಿನಲ್ಲೂ ಕಾಣದೆ ಹೋದದ್ದು ಆ ಲೆಕ್ಕವೇ.

1995ರಲ್ಲಿ ಸಂಸತ್ತು ಈ ಯೋಜನೆಯನ್ನು ಮತ್ತೆ ಸಿಐಎಗೆ ಒಪ್ಪಿಸಿ ಪರಿಶೀಲಿಸಲು ಹೇಳಿತು. ಹೊರಗಿನ ಸಂಸ್ಥೆಯೊಂದು ಇಬ್ಬರು ತಜ್ಞರನ್ನು ಕೂರಿಸಿತು. ಒಬ್ಬರು ಸಂಖ್ಯಾಶಾಸ್ತ್ರಜ್ಞೆ ಜೆಸ್ಸಿಕಾ ಅಟ್ಸ್. ಇನ್ನೊಬ್ಬರು ಮನಶ್ಶಾಸ್ತ್ರಜ್ಞ ರೇ ಹೈಮನ್, ಬಹುಕಾಲದ ಸಂದೇಹವಾದಿ. ಇಬ್ಬರ ಮುಂದಿದ್ದದ್ದು ಒಂದೇ ಅಂಕಿಗಳು. ಬೇರೆ ಯಾವ ವಿಜ್ಞಾನಕ್ಕೂ ಬಳಸುವ ಅಳತೆಗೋಲಿನಿಂದ ನೋಡಿದರೆ ಅತೀಂದ್ರಿಯ ಶಕ್ತಿ ಸಿದ್ಧವಾಗಿದೆ ಎಂದು ಅಟ್ಸ್ ಬರೆದರು. ಪ್ರಯೋಗಾಲಯದ ಅಂಕಿಗಳು ಆಕಸ್ಮಿಕಕ್ಕಿಂತ ಹೆಚ್ಚಿವೆ ಎಂಬುದನ್ನು ಹೈಮನ್ ಅಲ್ಲಗಳೆಯಲಿಲ್ಲ. ಆದರೆ ಅದಕ್ಕೆ ಕಾರಣ ಅತೀಂದ್ರಿಯ ಶಕ್ತಿಯೇ ಎನ್ನಲು ಏನೂ ಇಲ್ಲ, ಹೊರಗಿನವರು ಸ್ವತಂತ್ರವಾಗಿ ಮಾಡಿ ತೋರಿಸಲಿ ಎಂದರು. ಒಂಬತ್ತರಲ್ಲಿ ಏಳು ಬಂದಾಗಲೂ ಅಂಕಿ ಆಕಸ್ಮಿಕಕ್ಕಿಂತ ಹೆಚ್ಚೇ ಇತ್ತಲ್ಲ! ಹೈಮನ್ ಅವರ ಮಾತಿಗೆ ತೂಕ ಬರುವುದು ಅಲ್ಲಿಂದ.

ಗೂಢಚರ್ಯೆಗೆ ಇದರಿಂದ ಉಪಯೋಗವಾಯಿತೆ ಎಂಬ ಪ್ರಶ್ನೆಗೆ ಮಾತ್ರ ವರದಿಯ ಉತ್ತರ ಸ್ಪಷ್ಟವಾಗಿತ್ತು. ನೋಟಗಾರರ ಮಾತು ಅಸ್ಪಷ್ಟ, ಒಂದಕ್ಕೊಂದು ಹೊಂದದ್ದು. ಎಷ್ಟೋ ಸಲ ಅವರಿಗೆ ಮೊದಲೇ ಹಿನ್ನೆಲೆಯ ಮಾಹಿತಿ ಸಿಕ್ಕಿತ್ತು. ಯಾವ ಕಾರ್ಯಾಚರಣೆಯನ್ನೂ ಅವರ ಮಾತಿನ ಆಧಾರದ ಮೇಲೆ ನಡೆಸಿದ್ದಿಲ್ಲ. 1995ರಲ್ಲೇ ಯೋಜನೆ ಮುಚ್ಚಿತು. ಆಗ ಫೋರ್ಟ್ ಮೀಡ್‌ನಲ್ಲಿ ಉಳಿದಿದ್ದವರು ಮೂವರು ನೋಟಗಾರರು.

2017ರ ಜನವರಿಯಲ್ಲಿ ಸಿಐಎ ತನ್ನ ಹಳೆಯ ಕಡತಗಳ ಸುಮಾರು 1 ಕೋಟಿ 30 ಲಕ್ಷ ಪುಟಗಳನ್ನು ಅಂತರ್ಜಾಲಕ್ಕೆ ಹಾಕಿತು. ಸ್ಟಾರ್ ಗೇಟಿನ ಕಡತಗಳೂ ಅವುಗಳಲ್ಲಿವೆ. ಒತ್ತೆಯಾಳುಗಳ, ಹಡಗುಗಳ, ಕಟ್ಟಡಗಳ ವರದಿಗಳ ನಡುವೆ 1984ರ ಮೇ 22ರ ಒಂದು ಬೈಠಕ್ಕಿನ ಬರಹವೂ ಇದೆ. ನೋಟಗಾರನಿಗೆ ಮೊಹರು ಮಾಡಿದ ಲಕೋಟೆ ಕೊಟ್ಟು, ಅದನ್ನು ತೆರೆಯದೆ, ಕೆಲವು ಅಕ್ಷಾಂಶ ರೇಖಾಂಶಗಳನ್ನು ಓದಿಹೇಳಿ, ಅಲ್ಲಿ ಏನು ಕಾಣುತ್ತದೆ ಎಂದು ಕೇಳುತ್ತಾರೆ. ಅವನು ಪಿರಮಿಡ್ಡಿನಂಥ ಭಾರೀ ಕಟ್ಟಡ ಕಾಣುತ್ತಾನೆ. ತೀರಾ ಎತ್ತರದ, ತೆಳ್ಳಗಿನ ಜನರನ್ನು ಕಾಣುತ್ತಾನೆ. ಅವರು ಸಾಯುತ್ತಿದ್ದಾರೆ, ಇರಲು ಬೇರೆ ಜಾಗ ಹುಡುಕುತ್ತಿದ್ದಾರೆ ಎನ್ನುತ್ತಾನೆ. ಧಾಟಿ ಬೇರೆ ವರದಿಗಳದ್ದೇ. ತಡವರಿಕೆಯೂ ಅಷ್ಟೇ, ಖಚಿತತೆಯೂ ಅಷ್ಟೇ. ಲಕೋಟೆಯೊಳಗಿನ ಚೀಟಿಯಲ್ಲಿ ಬರೆದಿದ್ದ ಜಾಗ ಮಂಗಳ ಗ್ರಹ; ಕಾಲ, ಕ್ರಿಸ್ತಪೂರ್ವ ಹತ್ತು ಲಕ್ಷ ವರ್ಷ.